ಮೊನೆಯ ಬಣವೆ: ನೆರಳು ಕೆಸರಾಗುತ್ತಿದ್ದರೆ

ಫ್ರೆಂಚ್ ಚಿತ್ರಕಾರ ಕ್ಲೋಡ್ ಮೊನೆಯ ಹುಲ್ಲಿನ ಬಣವೆ ಚಿತ್ರವನ್ನು ಎಣ್ಣೆಬಣ್ಣದಲ್ಲಿ ನೋಡಿ ಬರೆದರೆ ನೆರಳು ಮಾತ್ರ ಕೆಸರಿನ ಹಾಗೆ ಕಾಣುತ್ತದೆ ಅಂದಿದ್ದೀರಿ. ನೆರಳಿಗೆ ಕಪ್ಪು ಬೆರೆಸಿರೋದೇ ಕಾರಣ ಇರಬೇಕು. 1890-91ರ ಆ ಸರಣಿಯ ಬಿಸಿಲಿನ ಚಿತ್ರಗಳಲ್ಲಿ ನೆರಳು ನೀಲಿ, ನೇರಳೆ. ಬಿಸಿಲು ಬಿದ್ದ ಕಡೆ ಹಳದಿ, ಕಿತ್ತಳೆ. ಹೀಗೆ ಬಣ್ಣಚಕ್ರದಲ್ಲಿ ಎದುರುಬದುರು ಇರೋ ಬಣ್ಣಗಳು ಪಕ್ಕಪಕ್ಕ ಕೂತಾಗಲೇ ಆ ಹೊಳಪು ಬರೋದು.

ಮೊದಲು ಆ ಕೆಸರನ್ನು ನೈಫಿನಿಂದ ಕೆರೆದು ತೆಗೆಯಿರಿ. ಪೂರ್ತಿ ಒಣಗಿದ್ದರೆ ಅದರ ಮೇಲೆಯೇ ಬರೆಯಬಹುದು. ಅಲ್ಟ್ರಾಮರೀನ್ ನೀಲಿಗೆ ಚೂರು ಅಲಿಜರಿನ್ ಕ್ರಿಮ್ಸನ್ ಕೆಂಪು, ಸ್ವಲ್ಪ ಬಿಳಿ ಸೇರಿಸಿ. ಜಾಸ್ತಿ ಕಲಸಬೇಡಿ. ದಪ್ಪಗೆ, ಬಿಡಿಬಿಡಿಯಾಗಿ ಇಟ್ಟು ಬ್ರಷ್ ಎತ್ತಿಬಿಡಿ. ಸುಮ್ನೆ ತಿದ್ದಿ ತೀಡುತ್ತಾ ಕೂತರೆ ಮತ್ತೆ ಕೆಸರೇ. ಹಳದಿಗೆ ಬೇರೆ ಬ್ರಷ್ ಇರಲಿ.

ಆಗಲೂ ಮಂಕು ಅನ್ನಿಸಿದರೆ ನಿಮ್ಮ ಹತ್ತಿರ ಇರೋ ಪ್ರಿಂಟ್‌ನಲ್ಲೇ ಬಣ್ಣ ಕೆಟ್ಟಿರಬಹುದು. ಚಿಕಾಗೊದ ಆರ್ಟ್ ಇನ್‌ಸ್ಟಿಟ್ಯೂಟ್ ಮ್ಯೂಸಿಯಂ ಸೈಟಿನ ಫೋಟೋ ಜೊತೆ ಹೋಲಿಸಿ ನೋಡಿ.