ಕೂತು ಮಾತ್ರೆ ಕೊಟ್ಟರೆ ಏನು ತಪ್ಪು?

ಪ್ರಶ್ನೆ: ಮೇಡಂ, ನಮಸ್ಕಾರ. ನನಗೆ 31 ವರ್ಷ. ಡಿ.ಫಾರ್ಮ (ಫಾರ್ಮಸಿ ಡಿಪ್ಲೊಮಾ) ಮಾಡಿ ಮೈಸೂರಿನ ಒಂದು ಮೆಡಿಕಲ್ ಸ್ಟೋರ್‌ನಲ್ಲಿ ಫಾರ್ಮಸಿಸ್ಟ್ ಆಗಿದ್ದೇನೆ. ಹೋದ ವರ್ಷ ಬೈಕ್ ಅಪಘಾತವಾಗಿ ಬಲಗಾಲನ್ನು ಮಂಡಿಯ ಕೆಳಗೆ ತೆಗೆಯಬೇಕಾಯಿತು. ಕೃತಕ ಕಾಲು ಹಾಕಿಸಿಕೊಂಡು ಕೆಲಸಕ್ಕೆ ವಾಪಸ್ ಬಂದಿದ್ದೇನೆ. ಬೆಳಿಗ್ಗೆಯಿಂದ ರಾತ್ರಿವರೆಗೂ ನಿಂತೇ ಇರಬೇಕು. ಸಂಜೆಯಾದರೆ ಕಾಲಿನ ತುದಿ ಉರಿಯುತ್ತದೆ. ಸ್ಟೂಲ್ ಕೇಳಿದರೆ ಮಾಲೀಕರು, "ಗಿರಾಕಿ ಮುಂದೆ ಕೂತ್ಕೊಂಡ್ರೆ ಚೆನ್ನಾಗಿರಲ್ಲ, ಆಗದಿದ್ರೆ ಬೇರೆ ಕೆಲಸ ನೋಡ್ಕೊ" ಅನ್ನುತ್ತಾರೆ. ಇಬ್ಬರು ಮಕ್ಕಳಿದ್ದಾರೆ. ಈ ಕೆಲಸವನ್ನೇ ಬಿಡಬೇಕಾ?
(ಹೆಸರು ಬೇಡ, ಮದ್ದೂರು)

ಉತ್ತರ: ಬಿಡಬೇಡಿ. ನಾನು ಪೋಲಿಯೊ ಕಾಲಿಗೆ ಆಸರೆಯ ಕ್ಯಾಲಿಪರ್ ಪಟ್ಟಿ ಕಟ್ಟಿಕೊಂಡೇ ಮಂಡ್ಯ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಔಷಧಿ ಕೊಟ್ಟು ನಿವೃತ್ತಿಯಾದವಳು. ನಿಮ್ಮ ಪತ್ರ ಓದಿ ಸಂಕಟವೂ ಆಯಿತು, ಸಿಟ್ಟೂ ಬಂತು.

ನಿಮ್ಮ ಕೆಲಸ ಯಾವುದು ಅಂತ ಮೊದಲು ನೋಡೋಣ. ಡಾಕ್ಟರ್ ಚೀಟಿ ನೋಡಿ ಔಷಧಿ ಕೊಡುವುದು ನೋಂದಾಯಿತ ಫಾರ್ಮಸಿಸ್ಟ್‌ನ ಕೆಲಸ ಎಂದು 1948ರ ಫಾರ್ಮಸಿ ಕಾಯ್ದೆಯ 42ನೇ ಸೆಕ್ಷನ್ ಹೇಳುತ್ತದೆ. ಚೀಟಿ ಓದಬೇಕು. ಡೋಸ್ ಸರಿಯಿದೆಯಾ ನೋಡಬೇಕು. ಈಗಾಗಲೇ ತಗೊಳ್ತಿರೋ ಮಾತ್ರೆಗೆ ಇದು ಹೊಂದುತ್ತಾ ಅಂತ ಯೋಚಿಸಬೇಕು. ಕೆಲವು ಆ್ಯಂಟಿಬಯೊಟಿಕ್‌ನಂಥ ಔಷಧಿ ಕೊಟ್ಟ ಲೆಕ್ಕವಿಡುವ ಎಚ್1 ರಿಜಿಸ್ಟರ್ ಬರೆಯಬೇಕು. ಊಟಕ್ಕೆ ಮುಂಚೆಯೋ ಆಮೇಲೆಯೋ ಅಂತ ವಯಸ್ಸಾದವರಿಗೆ ಬಿಡಿಸಿ ಹೇಳಬೇಕು. ಇದರಲ್ಲಿ ಯಾವುದನ್ನು ಕೂತು ಮಾಡಲಾಗದು? ಏಣಿ ಹತ್ತಿ ಬಾಕ್ಸ್ ಇಳಿಸುವುದನ್ನು ಅಂಗಡಿಯ ಹುಡುಗರು ಯಾರು ಬೇಕಾದರೂ ಮಾಡಬಹುದು. ನೀವು ಮಾಡುವುದನ್ನು ಅವರು ಮಾಡುವ ಹಾಗಿಲ್ಲ. ಅಂಗಡಿಯ ಲೈಸೆನ್ಸಿಗೇ ನಿಮ್ಮಂಥವರ ಸರ್ಟಿಫಿಕೇಟ್ ಬೇಕು. ಮಾಲೀಕರ ಹತ್ತಿರ ಮಾತಾಡುವಾಗ ಈ ಧೈರ್ಯ ಇರಲಿ.

ಸುಮ್ನೆ "ಕಷ್ಟ ಆಗ್ತಿದೆ" ಅಂದರೆ ಅವರಿಗೆ ಏನು ಮಾಡಬೇಕೋ ತಿಳಿಯುವುದಿಲ್ಲ. ಬೇಕಾದದ್ದನ್ನು ಒಂದು ಹಾಳೆಯಲ್ಲಿ ಬರೆದು ಕೊಡಿ. ಸ್ಟೂಲ್ ಅಂದರೆ ಎಂಥದ್ದು? ಪ್ಲಾಸ್ಟಿಕ್ ಸ್ಟೂಲ್ ಪ್ರಯೋಜನವಿಲ್ಲ. ಅದರ ಮೇಲೆ ಕೂತರೆ ಕೌಂಟರ್ ಎದೆಗೆ ಬರುತ್ತದೆ. ಎರಡೂವರೆ ಅಡಿ ಎತ್ತರ, ಬೆನ್ನಿಗೆ ಆಸರೆ, ಕಾಲಿಡಲು ಅಡ್ಡಪಟ್ಟಿ ಇರಬೇಕು. ಅದರಲ್ಲಿ ಕೂತರೆ ಗಿರಾಕಿಯ ಮುಖ ನೇರ ಕಾಣುತ್ತದೆ. ನೀವು ಕೂತಿದ್ದೀರಿ ಅಂತ ಎದುರಿನವರಿಗೆ ಗೊತ್ತೂ ಆಗುವುದಿಲ್ಲ.

ಇನ್ನು ಉರಿ. ದಿನವಿಡೀ ಹಾಕಿಕೊಂಡರೆ ಕಾಲಿನ ತುದಿಯ ಗಾತ್ರ ಸ್ವಲ್ಪ ಇಳಿಯುತ್ತದೆ, ಅದು ಕೂರುವ ಸಾಕೆಟ್ ಸಡಿಲವಾಗಿ ಉಜ್ಜುತ್ತದೆ. ಅದರ ಮೇಲೆ ಬೆವರು. ಮಧ್ಯಾಹ್ನ ಒಂದು ಸಲ, ಸಂಜೆ ಒಂದು ಸಲ ಕಾಲು ಬಿಚ್ಚಿ, ಒರೆಸಿ, ಒಣಗಿದ ಸಾಕ್ಸ್ ಹಾಕಿಕೊಳ್ಳಬೇಕು. ಸಡಿಲ ಅನ್ನಿಸಿದರೆ ಇನ್ನೊಂದು ಪದರ ಸೇರಿಸಬೇಕು. ಇದಕ್ಕೆ ಹತ್ತು ನಿಮಿಷ ಮತ್ತು ಪರದೆ ಇರುವ ಒಂದು ಮೂಲೆ ಸಾಕು. ಅದನ್ನೂ ಹಾಳೆಯಲ್ಲಿ ಬರೆಯಿರಿ. ಚರ್ಮ ಕೆಂಪಾಗಿ ಹಾಗೇ ಉಳಿದರೆ, ಗುಳ್ಳೆ ಎದ್ದರೆ, ತಡ ಮಾಡದೆ ಕಾಲು ಮಾಡಿಕೊಟ್ಟವರಿಗೆ ತೋರಿಸಿ. ಸಾಕೆಟ್ಟನ್ನೇ ಸರಿಪಡಿಸಬೇಕಾಗಬಹುದು.

ರ‍್ಯಾಕ್ ಬಗ್ಗೆಯೂ ಕೇಳಿ. ನಮ್ಮ ಆಸ್ಪತ್ರೆಯಲ್ಲಿ ನಾನು ಜಾಸ್ತಿ ಓಡುವ ಮಾಲನ್ನೆಲ್ಲ, ಅಂದರೆ ಪ್ಯಾರಾಸಿಟಮಾಲ್, ಮೆಟ್‌ಫಾರ್ಮಿನ್, ಆಮ್ಲೋಡಿಪಿನ್, ಓಆರ್‌ಎಸ್, ಸೊಂಟದಿಂದ ಭುಜದೊಳಗಿನ ತಟ್ಟೆಗಳಿಗೆ ತಂದಿಟ್ಟಿದ್ದೆ. ಅಪರೂಪದ್ದು ಮೇಲಕ್ಕೆ ಹೋಯಿತು. ಎರಡೂ ಕಾಲು ಗಟ್ಟಿಯಿದ್ದ ನನ್ನ ಜೊತೆಯವರೂ ಅದನ್ನು ಬದಲಾಯಿಸಲು ಬಿಡಲಿಲ್ಲ. ಅವರ ಕೆಲಸವೂ ಬೇಗ ಆಗುತ್ತಿತ್ತಲ್ಲ.

ಕಾನೂನು ಏನು ಹೇಳುತ್ತೆ? 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಬೇಕಾದ ಹೊಂದಾಣಿಕೆ ಮಾಡಿಕೊಡದಿರುವುದೂ ತಾರತಮ್ಯವೇ ಎಂದು ಅದರಲ್ಲಿದೆ. ಮಾಡಿಕೊಡುವವರ ಮೇಲೆ ಮಿತಿಮೀರಿದ ಹೊರೆ ಬೀಳಬಾರದು ಎಂಬ ಷರತ್ತೂ ಇದೆ. ಒಂದು ಸ್ಟೂಲ್ ಯಾವ ಅಂಗಡಿಗೆ ಹೊರೆ? ಸಮಾನ ಅವಕಾಶದ ನೀತಿಯನ್ನು ಬರೆದಿಡಬೇಕೆಂದೂ ಕಾಯ್ದೆ ಹೇಳುತ್ತದೆ. 20 ಅಥವಾ ಅದಕ್ಕಿಂತ ಜಾಸ್ತಿ ಜನರಿರುವ ಖಾಸಗಿ ಸಂಸ್ಥೆಯಾದರೆ ಈ ವಿಷಯ ನೋಡಿಕೊಳ್ಳಲು ಒಬ್ಬ ಅಧಿಕಾರಿಯನ್ನೂ ನೇಮಿಸಬೇಕು. ಅಂಗಡಿ ಕೆಲಸದವರಿಗೆ ಕೂರಲು ಆಸನ ಕೊಡಬೇಕೆಂದು ಪಕ್ಕದ ಕೇರಳ, ತಮಿಳುನಾಡುಗಳು ಕಾನೂನನ್ನೇ ತಂದಿವೆ. ಅಲ್ಲಿ ಕಾಲು ನೋವಿಲ್ಲದವರಿಗೂ ಆ ಹಕ್ಕಿದೆ.

ಆದರೂ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಈ ಕಾಯ್ದೆಯ ಬಲ ಸರ್ಕಾರಿ ನೌಕರಿಯಲ್ಲಿ ಕಾಣುವಷ್ಟು ನಾಲ್ಕೈದು ಜನರ ಅಂಗಡಿಯಲ್ಲಿ ಕಾಣುವುದಿಲ್ಲ. ಅಲ್ಲಿ ಮಾತೇ ಮುಂದೆ ಬರಬೇಕು. ಒಂದು ತಿಂಗಳು ಪ್ರಯೋಗ ಮಾಡೋಣ ಅನ್ನಿ. ಒಪ್ಪಲೇ ಇಲ್ಲವೆಂದರೆ ರಾಜ್ಯದ ವಿಕಲಚೇತನರ ಆಯುಕ್ತರಿಗೆ ದೂರು ಬರೆಯಬಹುದು. ಆಗ ನೀವು ಕೊಟ್ಟ ಹಾಳೆಯ ನಕಲು ಕೆಲಸಕ್ಕೆ ಬರುತ್ತದೆ, ತಾರೀಖು ಹಾಕಿ ಇಟ್ಟುಕೊಳ್ಳಿ.

ಜೊತೆಗೇ ಯುಡಿಐಡಿ ಕಾರ್ಡ್, ಅಂದರೆ ವಿಕಲಚೇತನರ ಗುರುತಿನ ಚೀಟಿ ಮಾಡಿಸಿ. ಅರ್ಜಿ ಆನ್‌ಲೈನಿನಲ್ಲಿದೆ. ಗೊತ್ತಾಗದಿದ್ದರೆ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ಅದರಲ್ಲಿ ಅಂಗವೈಕಲ್ಯ ಶೇ. 40 ಅಥವಾ ಅದಕ್ಕಿಂತ ಜಾಸ್ತಿ ಎಂದು ನಮೂದಾದರೆ ಸರ್ಕಾರಿ ನೇಮಕಾತಿಯ ಮೀಸಲಾತಿ ಸಿಗುತ್ತದೆ. ಕಾಯ್ದೆಯ ಪ್ರಕಾರ ಒಟ್ಟು ಕನಿಷ್ಠ ಶೇ. 4, ಅದರಲ್ಲಿ ಶೇ. 1 ಕೈಕಾಲಿನ ತೊಂದರೆ ಇರುವವರಿಗೆ. ಫಾರ್ಮಸಿ ಅಧಿಕಾರಿ ಹುದ್ದೆಗೆ ಅಧಿಸೂಚನೆ ಬಂದಾಗ ಕಾರ್ಡ್ ಕೈಯಲ್ಲಿರಬೇಕು, ಆಗ ಓಡಾಡಿದರೆ ಆಗುವುದಿಲ್ಲ. ಆ ನೌಕರಿಗೆ ಇನ್ನೊಂದು ಬಲವಿದೆ. ಸೇವೆಯಲ್ಲಿದ್ದಾಗ ಅಂಗವೈಕಲ್ಯ ಬಂದರೆ ಕೆಲಸದಿಂದ ತೆಗೆಯುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ. ಅದೇ ಸಂಬಳದ ಬೇರೆ ಹುದ್ದೆ ಕೊಡಬೇಕು.

ಪ್ರಶ್ನೆ: ಅಕ್ಕಾ, ನನ್ನ ಮಗಳಿಗೆ ಚಿಕ್ಕಂದಿನಿಂದ ಕಿವಿ ಕೇಳುವುದು ಕಡಿಮೆ, ಮೆಷಿನ್ ಹಾಕಿಕೊಳ್ಳುತ್ತಾಳೆ. ಪಿಯುಸಿ ಸೈನ್ಸ್ ಪಾಸಾಗಿದ್ದಾಳೆ. ಡಿ.ಫಾರ್ಮ ಓದುತ್ತೇನೆ ಅನ್ನುತ್ತಾಳೆ. ನೆಂಟರೆಲ್ಲ "ಔಷಧಿ ಹೆಸರು ತಪ್ಪು ಕೇಳಿಸಿಕೊಂಡು ಯಾರಿಗಾದರೂ ಹೆಚ್ಚುಕಮ್ಮಿ ಆದರೆ?" ಅಂತ ಹೆದರಿಸುತ್ತಾರೆ.
(ಒಬ್ಬ ತಾಯಿ, ಮೈಸೂರು)

ಉತ್ತರ: ಓದಿಸಿ. ಔಷಧಿಯನ್ನು ಚೀಟಿ ಓದಿ ಕೊಡಬೇಕು, ಕಿವಿಯಲ್ಲಿ ಕೇಳಿ ಕೊಡಬಾರದು. ಒಂದೇ ಥರ ಕೇಳಿಸುವ ಬ್ರ್ಯಾಂಡ್ ಹೆಸರುಗಳು ಎಷ್ಟೋ ಇವೆ. ಬಾಯಿಮಾತಿನ ಮೇಲೆ ಕೊಟ್ಟರೆ ಕಿವಿ ಚುರುಕಾಗಿರುವವರೂ ಎಡವುತ್ತಾರೆ. ನಿಮ್ಮ ಮಗಳು ಹೆಸರನ್ನು ಬರೆದು ತೋರಿಸಿ "ಇದೇನಾ?" ಅಂತ ಕೇಳುವ ಅಭ್ಯಾಸ ಮಾಡಿಕೊಂಡರೆ ರೋಗಿಗೂ ಒಳ್ಳೆಯದು. ಫೋನ್ ಆರ್ಡರ್‌ಗಳು ವಾಟ್ಸಾಪ್‌ನಲ್ಲಿ ಬರಲಿ. ಬೀದಿಯ ಗಲಾಟೆಯಿಂದ ದೂರ, ಎದುರಿನವರ ತುಟಿ ಕಾಣುವಷ್ಟು ಬೆಳಕಿರುವ ಕಡೆ ಅವಳ ಜಾಗ ಇರಲಿ.

ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ ಕನಿಷ್ಠ ಶೇ. 5 ಸೀಟು ಶೇ. 40 ಅಥವಾ ಅದಕ್ಕಿಂತ ಜಾಸ್ತಿ ಅಂಗವೈಕಲ್ಯವಿರುವ ಮಕ್ಕಳಿಗೆ ಮೀಸಲು. ಡಿ.ಫಾರ್ಮ ಎರಡು ವರ್ಷ. ಆಮೇಲೆ ಕನಿಷ್ಠ ಮೂರು ತಿಂಗಳಲ್ಲಿ 500 ಗಂಟೆಗಳ ತರಬೇತಿ ಇರುತ್ತದೆ. ನನಗೆ ಮುಖ್ಯ ಅನ್ನಿಸುವುದು ಇದು. ಅವಳು ಮೊದಲ ಸಲ ಅಪರಿಚಿತರ ಎದುರು ನಿಲ್ಲುವುದು ಅಲ್ಲೇ. ತರಬೇತಿ ಕೊಡುವ ಆಸ್ಪತ್ರೆಗೆ ಮುಂಚೆಯೇ ಹೋಗಿ, ಅಲ್ಲಿಯ ಹಿರಿಯ ಫಾರ್ಮಸಿಸ್ಟ್ ಜೊತೆ ಅವಳೇ ಮಾತಾಡಲಿ. ನೀವು ಹೊರಗೆ ಕೂತಿರಿ. ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೇ ಇದೆ, ನಮ್ಮೂರಿನ ಪುಣ್ಯ. ಕಾಲೇಜು ಶುರುವಾಗುವ ಮುಂಚೆ ಮೆಷಿನ್ ಸೆಟ್ಟಿಂಗ್ ಒಮ್ಮೆ ಅಲ್ಲಿ ನೋಡಿಸಿ.

ಪ್ರಶ್ನೆ: ಸಕ್ಕರೆ ಕಾಯಿಲೆಯಿಂದ ನನ್ನ ದೃಷ್ಟಿ ಮಂದವಾಗುತ್ತಿದೆ. ಫಾರ್ಮಸಿಸ್ಟ್ ರಿಜಿಸ್ಟ್ರೇಷನ್ ರದ್ದಾಗುತ್ತಾ?
(ಓದುಗ, ಮಂಡ್ಯ)

ಉತ್ತರ: ಕಣ್ಣು ಮಂದವಾಯಿತೆಂದು ಹೆಸರು ತೆಗೆಯಲು ಫಾರ್ಮಸಿ ಕಾಯ್ದೆಯಲ್ಲಿ ಅವಕಾಶವಿಲ್ಲ. ಕಂಪ್ಯೂಟರ್ ಅಕ್ಷರ ದೊಡ್ಡದು ಮಾಡಿಕೊಳ್ಳಿ, ಕೌಂಟರ್ ಮೇಲೆ ಬಿಳಿ ದೀಪ ಹಾಕಿಸಿ. 2023ರ ಆಗಸ್ಟ್ 1ರಿಂದ 300 ಬ್ರ್ಯಾಂಡ್‌ಗಳ ಮೇಲೆ ಕ್ಯೂಆರ್ ಕೋಡ್ ಅಥವಾ ಬಾರ್‌ಕೋಡ್ ಕಡ್ಡಾಯವಾಗಿದೆ. ಅದರಲ್ಲಿ ಹೆಸರು, ಬ್ಯಾಚ್, ಎಕ್ಸ್‌ಪೈರಿ ಎಲ್ಲ ಇರುತ್ತದೆ. ಫೋನ್ ಹಿಡಿದು ದೊಡ್ಡದಾಗಿ ಓದಿಕೊಳ್ಳಬಹುದು. ಉಳಿದ ಮಾಲಿಗೆ ಮಾತ್ರ ಜೊತೆಯವರ ಕಣ್ಣು ಬೇಕೇ ಬೇಕು. ಸ್ಟ್ರಿಪ್ಪಿನ ಅಕ್ಷರ ಭೂತಗನ್ನಡಿಯಲ್ಲೂ ಸಿಗದ ದಿನ ಬಂದರೆ ಔಷಧಿ ಕೈಗೆ ಕೊಡುವ ಕೆಲಸ ಇನ್ನೊಬ್ಬರಿಗೆ ಬಿಡಿ. ರೋಗಿಗೆ ತಿಳಿಹೇಳುವುದು, ಮಾಲು ತರಿಸುವ ಇಂಡೆಂಟ್ ನೋಡುವುದು, ಹೊಸಬರಿಗೆ ಕಲಿಸುವುದು ಕೇಳಿ ಪಡೆಯಿರಿ. ಮತ್ತೆ, ಈ ವಾರವೇ ಕಣ್ಣಿನ ಡಾಕ್ಟರ್ ಹತ್ತಿರ ರೆಟಿನಾ ತೋರಿಸಿ.