ಶಿವಮೊಗ್ಗದಲ್ಲಿ ನಾಟಿ ಮೊಟ್ಟೆ: ಯಾರನ್ನು ನಂಬೋದು?

ಸಿಪ್ಪೆ ಕಂದು ಇದ್ದರೆ ನಾಟಿ ಮೊಟ್ಟೆ ಅಂತ ನಂಬಬಹುದಾ ಅಂತ ಕೇಳಿದ್ದೀರಿ. ಬೇಡ. ಸಿಪ್ಪೆಯ ಬಣ್ಣ ಬರೋದು ತಳಿಯಿಂದ. ಫಾರಂನಲ್ಲೂ ಕಂದು ಮೊಟ್ಟೆ ಇಡುವ ಕೋಳಿಗಳಿವೆ. ಒಳಗಿನ ಹಳದಿಯೂ ಅಷ್ಟೇ, ತಿಂದ ಮೇವಿನ ಬಣ್ಣ.

ನಾನು ನೋಡೋದು ಬೇರೆ. ಊರ ಕೋಳಿ ಹತ್ತು-ಹದಿನೈದು ಮೊಟ್ಟೆ ಇಟ್ಟು ಕಾವಿಗೆ ಕೂರುತ್ತದೆ, ಆಮೇಲೆ ಕೆಲವು ವಾರ ಏನೂ ಇಲ್ಲ. ಮಳೆಗಾಲದಲ್ಲಂತೂ ಇನ್ನೂ ಕಡಿಮೆ. ಆಷಾಢದ ಜಡಿಮಳೆಯಲ್ಲೂ 30ರ ಟ್ರೇಗಳಲ್ಲಿ ಒಂದೇ ಗಾತ್ರದ ಮೊಟ್ಟೆ ಜೋಡಿಸಿಟ್ಟು ‘ನಾಟಿ ಸಾರ್’ ಅಂದರೆ ನಾನು ಮುಂದಿನ ಅಂಗಡಿಗೆ ಹೋಗುತ್ತೇನೆ. ನಿಜವಾದ್ದು ಚಿಕ್ಕದು, ಸುಮಾರು 40 ಗ್ರಾಂ. ಒಂದು ಬಿಳಿಚು, ಒಂದು ಕೆನೆಬಣ್ಣ, ಇನ್ನೊಂದಕ್ಕೆ ಹಿಕ್ಕೆ ಅಂಟಿರುತ್ತೆ.

ದಪ್ಪ ಕಂದು ಮೊಟ್ಟೆ ಗಿರಿರಾಜದ್ದೂ ಇರಬಹುದು, ಬೆಂಗಳೂರಿನಲ್ಲಿ ಬೆಳೆಸಿದ ತಳಿ. ಹೊರಗೆ ಬಿಟ್ಟು ಸಾಕಿದ್ದರೆ ತಕರಾರಿಲ್ಲ, ಸುಮ್ನೆ ನಾಟಿ ಅನ್ನಬಾರದು ಅಷ್ಟೇ.

ಗಾಜನೂರು, ತೀರ್ಥಹಳ್ಳಿ ಕಡೆಯ ತೋಟದ ಮನೆಯವರನ್ನೇ ಹಿಡಿಯಿರಿ. ಸಂಜೆ ಕೋಳಿ ಗೂಡಿಗೆ ಬರೋ ಹೊತ್ತಿಗೆ ಹೋಗಿ, ‘ನೋಡಬಹುದಾ ಅಕ್ಕಾ?’ ಅಂತ ಕೇಳಿ. ಹತ್ತು ಕೋಳಿ ಇಟ್ಟುಕೊಂಡು ದಿನಾ ಐವತ್ತು ಮೊಟ್ಟೆ ಕೊಡ್ತೀವಿ ಅಂದರೆ ಲೆಕ್ಕ ನೀವೇ ಹಾಕಿ. ನೀರಲ್ಲಿ ತೇಲಿಸಿ ನೋಡೋದು ಹಳತೋ ಹೊಸತೋ ಅಂತ ತಿಳಿಯೋಕೆ ಮಾತ್ರ, ನಾಟಿ ಹೌದೋ ಅಲ್ವೋ ಅನ್ನೋದಕ್ಕಲ್ಲ.