ಹೊಸದಾಗಿ ಭಾಷೆ ಕಲಿಯುವವರು ಸಿದ್ಧ ನುಡಿಗಟ್ಟುಗಳನ್ನು ಇಡಿಯಾಗಿ ಕಲಿಯುತ್ತಾರೆಯೇ, ಪದಪದವಾಗಿಯೇ?

ಬಹುಪಾಲು ಮೊದಲು ಇಡಿಯಾಗಿ, ಬಿಡಿಸುವುದು ಆಮೇಲೆ. ದಾವಣಗೆರೆಯಲ್ಲಿ ನಾನು ಬೆಣ್ಣೆದೋಸೆ ತಿನ್ನುವ ಹೋಟೆಲಿಗೆ ಒಡಿಶಾದ ಹುಡುಗನೊಬ್ಬ ಸೇರಿದ್ದ. ಅವನಿಗೆ ಬರುತ್ತಿದ್ದ ಕನ್ನಡ ‘ಇನ್ನೇನು ಕೊಡಲಿ?’ ಮಾತ್ರ. ಕೈ ತೊಳೆಯಲು ಎದ್ದವರಿಗೂ ಅದನ್ನೇ ಕೇಳುತ್ತಿದ್ದ. ಕೆಲವು ತಿಂಗಳ ಬಳಿಕ ಒಂದು ದಿನ ‘ಚಟ್ನಿ ಕೊಡಲಿ?’ ಎಂದ. ನಾವಾದರೆ ‘ಕೊಡಲೇ?’ ಎನ್ನುತ್ತೇವೆ. (ಪಕ್ಕದ ಮೇಜಿನ ಹಿರಿಯರು ‘ಚಟ್ನಿಗೆ ಕೊಡಲಿ ಯಾಕಪ್ಪಾ?’ ಎಂದು ನಕ್ಕರು.) ನನಗೆ ಆ ತಪ್ಪೇ ಸಾಕ್ಷಿ: ಹುಡುಗ ಗಂಟು ಬಿಚ್ಚಿ, ಒಳಗಿನ ‘ಕೊಡಲಿ’ಯನ್ನು ತೆಗೆದು ಬೇರೆಡೆ ಜೋಡಿಸಿದ್ದ. ಅಮೆರಿಕದಲ್ಲಿ ಇಂಗ್ಲಿಷ್ ಕಲಿಯುತ್ತಿದ್ದ ಸ್ಪ್ಯಾನಿಷ್ ಮನೆಮಾತಿನ ಮಕ್ಕಳಲ್ಲಿ ಭಾಷಾ ಸಂಶೋಧಕಿ ಲಿಲಿ ವಾಂಗ್ ಫಿಲ್ಮೋರ್ 1976ರಲ್ಲೇ ಇಂಥದ್ದನ್ನು ಗುರುತಿಸಿದ್ದರು.

ಓದುಬರಹ ಬಲ್ಲ ದೊಡ್ಡವರು ಮಾತ್ರ ಪದಪದ ಹಿಂಜಲು ಹೋಗುತ್ತಾರೆ. ‘ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ’ ಎಂದಾಗ, ಹೊರರಾಜ್ಯದ ನನ್ನ ಸಹೋದ್ಯೋಗಿ ತಿನ್ನಲು ಏನು ಬಂದಿದೆ ಎಂದು ಸುತ್ತ ನೋಡಿದರು!

ಇನ್ನು ಮಿದುಳು ಇಂಥ ನುಡಿಗಟ್ಟುಗಳನ್ನು ನಿಭಾಯಿಸುವ ಬಗೆ. ಓದುವಾಗಿನ ಕಣ್ಣಿನ ಚಲನೆ ಅಳೆದ 2011ರ ಇಂಗ್ಲಿಷ್ ಅಧ್ಯಯನವೊಂದರಲ್ಲಿ, ರೂಢಿಯ ಕ್ರಮದ ಜೋಡಿಪದಗಳನ್ನು ಮನೆಮಾತಿನವರು ತಿರುಗಿಸಿದ ಕ್ರಮಕ್ಕಿಂತ ಬೇಗ ಓದಿದರು. ಇಂಗ್ಲಿಷನ್ನು ಎರಡನೇ ಭಾಷೆಯಾಗಿ ಕಲಿತವರ ಪೈಕಿ ಈ ವ್ಯತ್ಯಾಸ ಕಂಡದ್ದು ಚೆನ್ನಾಗಿ ಪಳಗಿದವರಲ್ಲಿ. ನಮಗೆ ‘ಮನೆಮಠ’ ಸಲೀಸು; ‘ಮಠಮನೆ’ ಎಂದು ಬರೆದರೆ ಕಣ್ಣು ಅಲ್ಲೇ ಎಡವುತ್ತದೆ. ಹೊಸ ಕಲಿಕೆಯವರಿಗೆ ಎರಡೂ ಒಂದೇ.